ಒಂದೇ ಮನೆ, ಎರಡು ಲಿವರ್, ಎರಡು ತಟ್ಟೆ

ಕಳೆದ ವರ್ಷ ಆಟಿ ತಿಂಗಳಲ್ಲಿ ಅಮ್ಮ ಬೆಂಗಳೂರಿಗೆ ಫೋನ್ ಮಾಡಿದ್ರು. "ಮಗಾ, ಅಪ್ಪನ ಕಾಲಿಗೆ ಚಪ್ಪಲಿ ಹಿಡಿಯುವುದಿಲ್ಲ. ಕಾಲು ಬಾತಿದೆ. ಹೊಟ್ಟೆಯೂ ಯಾಕೋ ದೊಡ್ಡದಾದ ಹಾಗೆ ಕಾಣ್ತದೆ."

ನಾನು ಎಲ್ಲ ಸಾಫ್ಟ್‌ವೇರ್ ಮಕ್ಕಳ ಹಾಗೆ, "ಮಳೆಗಾಲ ಅಲ್ವಾ, ತೋಟದಲ್ಲಿ ಜಾಸ್ತಿ ನಡೆದಿರಬೇಕು" ಅಂದೆ. ಮರುವಾರ ಮಂಗಳೂರಿನಲ್ಲಿ ಸ್ಕ್ಯಾನಿಂಗ್ ಆಯ್ತು. ಲಿವರ್ ಸಿರೋಸಿಸ್, ಹೊಟ್ಟೆಯಲ್ಲಿ ನೀರು.

ನಮ್ಮ ಮನೆ ಬಂಟ್ವಾಳ ತಾಲೂಕಿನಲ್ಲಿ, ಬಿ.ಸಿ. ರೋಡಿನಿಂದ ಸ್ವಲ್ಪ ಒಳಗೆ. ಅಮ್ಮನ ತವರು ಬೆಳ್ತಂಗಡಿ. ಅಕ್ಕನನ್ನು ಕೊಟ್ಟದ್ದು ಮೂಡುಬಿದಿರೆಗೆ. ಅಂದರೆ ಮನೆಯಲ್ಲಿ ಯಾರಿಗಾದರೂ ಕಾಯಿಲೆ ಬಂತು ಅಂದ್ರೆ ಮೂರು ತಾಲೂಕುಗಳಿಂದ ಸಲಹೆ ಬರ್ತದೆ.

ಎಲ್ಲರ ಮೊದಲ ಪ್ರಶ್ನೆ ಒಂದೇ, ಸ್ವರ ತಗ್ಗಿಸಿ: "ಕುಡೀತಾರಾ?"

ಅಪ್ಪ ಜೀವಮಾನದಲ್ಲಿ ಶೇಂದಿ ಕೂಡ ಮುಟ್ಟಿದವರಲ್ಲ. ಅವರಿಗಿದ್ದದ್ದು ಹದಿನೈದು ವರ್ಷದ ಡಯಾಬಿಟಿಸ್, ಅದರ ಜೊತೆ ಯಾರೂ ಗಂಭೀರವಾಗಿ ತೆಗೆದುಕೊಳ್ಳದ ಫ್ಯಾಟಿ ಲಿವರ್. ಕೊಬ್ಬು ತುಂಬಿದ ಲಿವರ್ ವರ್ಷಗಟ್ಟಲೆ ಉರಿಯೂತದಲ್ಲಿದ್ದರೆ ನಿಧಾನಕ್ಕೆ ಗಾಯದ ಕಲೆಯಂತೆ ಗಟ್ಟಿಯಾಗ್ತಾ ಹೋಗ್ತದೆ. ಅದಕ್ಕೆ ಹೆಂಡವೇ ಬೇಕೆಂದಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಈ ಕಾಯಿಲೆಯನ್ನು ಸಕ್ಕರೆ ಕಾಯಿಲೆ, ಬಿಪಿಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದ್ದು ಸುಮ್ಮನೆ ಅಲ್ಲ. 2023ರಲ್ಲಿ ತಜ್ಞರು ಇದರ ಇಂಗ್ಲಿಷ್ ಹೆಸರನ್ನೇ ಬದಲಿಸಿದ್ರು. ಈಗಿನ ಹೆಸರಲ್ಲಿ ಮದ್ಯದ ಸುದ್ದಿ ಇಲ್ಲ, ದೇಹದ ಚಯಾಪಚಯದ ಸುದ್ದಿ ಉಂಟು. ಆದ್ರೆ ನಮ್ಮ ಊರಿನ ಮದುವೆ ಹಾಲ್‌ಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಅಪ್ಪ ಆ ಒಂದು ಪ್ರಶ್ನೆಗೆ ಹೆದರಿ ಮೂರು ತಿಂಗಳು ಯಾವ ಕಾರ್ಯಕ್ರಮಕ್ಕೂ ಹೋಗ್ಲಿಲ್ಲ.

"ಪಥ್ಯ ಮಾಡಿ" ಅಂದರೆ ಎಂತ?

ಡಾಕ್ಟ್ರು ಮಾತ್ರೆ ಬರೆದುಕೊಟ್ಟು, "ಉಪ್ಪು ಕಡಿಮೆ ಮಾಡಿ, ಸ್ವಲ್ಪ ಪಥ್ಯ ಮಾಡಿ" ಅಂದ್ರು. ಹೊರಗೆ ಮೂವತ್ತು ಜನ ಕಾಯ್ತಿದ್ರು. ಪಥ್ಯ ಅಂದರೆ ಏನು, ಎಷ್ಟು ಅಂತ ನಾವೂ ಕೇಳಲಿಲ್ಲ.

ಆ ಖಾಲಿ ಜಾಗವನ್ನು ಮೂರು ತಾಲೂಕು ಸೇರಿ ತುಂಬಿಸಿತು.

ಪಕ್ಕದ ಮನೆ ದೊಡ್ಡಮ್ಮ: "ಗಂಜಿ ಮಾತ್ರ. ಎಣ್ಣೆ ಒಂದು ಬಿಂದು ಬೇಡ." ಬೆಳ್ತಂಗಡಿ ಮಾವ: "ಹಾಲು, ಮೊಸರು, ಮೀನು, ಮೊಟ್ಟೆ ಬಂದ್ ಮಾಡಿ. ಬೆಳಿಗ್ಗೆ ಖಾಲಿ ಹೊಟ್ಟೆಗೆ ನೆಲನೆಲ್ಲಿ ಕಷಾಯ." ಮೂಡುಬಿದಿರೆ ಅಕ್ಕ ಮೊಬೈಲಿನಲ್ಲಿ ಒಂದು ಚಾರ್ಟ್ ಕಳಿಸಿದಳು: ಬೇಳೆ ಬೇಡ, ಕಾಳು ಬೇಡ, ಲಿವರ್ ಡಿಟಾಕ್ಸ್ ಜ್ಯೂಸ್ ಬೇಕು.

ನಾನು ಇಂಜಿನಿಯರ್ ಅಲ್ವಾ, ಎಕ್ಸೆಲ್ ಶೀಟ್ ಮಾಡಿದೆ. ತಿನ್ನಬಹುದು, ತಿನ್ನಬಾರದು, ಯಾರು ಹೇಳಿದ್ದು ಅಂತ ಮೂರು ಕಾಲಂ. ತಿನ್ನಬಾರದ್ದಕ್ಕೆ ಕೆಂಪು ಬಣ್ಣ. ಮೂರನೇ ವಾರಕ್ಕೆ ಶೀಟ್ ಇಡೀ ಕೆಂಪು. ಉಳಿದದ್ದು ಗಂಜಿ, ಬೇಯಿಸಿದ ಸೋರೆಕಾಯಿ, ಎಳನೀರು. ಅಪ್ಪ ಒಂದು ಮಾತಾಡದೆ ಅದನ್ನೇ ತಿಂದ್ರು. ನನಗೆ ಒಳಗೊಳಗೆ ಹೆಮ್ಮೆ. ಪ್ರತಿ ಭಾನುವಾರ ಅಮ್ಮ ತೂಕ ಹೇಳ್ತಿದ್ರು, ನಾನು ಶೀಟ್‌ಗೆ ಹಾಕ್ತಿದ್ದೆ. 64, 64, 65, 64. ಗ್ರಾಫ್ ಸಮತಟ್ಟಾಗಿತ್ತು. ಎಲ್ಲ ಸರಿಯಾಗಿದೆ ಅಂದ್ಕೊಂಡೆ.

ಬಚ್ಚಲುಮನೆ ಎಲ್ಲಿ?

ದೀಪಾವಳಿಗೆ ಊರಿಗೆ ಬಂದಿದ್ದೆ. ಸಂಜೆ ತೋಟದಿಂದ ಬಂದ ಅಪ್ಪ ಜಗಲಿಯಲ್ಲಿ ನಿಂತು, "ಬಚ್ಚಲುಮನೆ ಯಾವ ಕಡೆ?" ಅಂತ ಕೇಳಿದ್ರು. ಅವರೇ ನಿಂತು ಕಟ್ಟಿಸಿದ ಮನೆ ಅದು.

ಅಮ್ಮ ತಮಾಷೆ ಅಂದ್ಕೊಂಡ್ರು. ಆದ್ರೆ ಅಂಗಿ ತಿರುಗುಮುರುಗಾಗಿತ್ತು, ಮಾತು ತೊದಲುತ್ತಿತ್ತು. ಆಸ್ಪತ್ರೆಯಲ್ಲಿ "ಎರಡೂ ಕೈ ಮುಂದೆ ಚಾಚಿ" ಅಂದಾಗ ಅಂಗೈಗಳು ಹಕ್ಕಿ ರೆಕ್ಕೆ ಬಡಿದ ಹಾಗೆ ಅಲುಗಾಡಿದವು. ದೇಹದಲ್ಲಿ ತಯಾರಾಗುವ ಅಮೋನಿಯಾವನ್ನು ಲಿವರ್ ಯೂರಿಯಾ ಮಾಡಿ ಹೊರಗೆ ಕಳಿಸಬೇಕು. ಅದು ಸೋತಾಗ ಅಮೋನಿಯಾ ಮೆದುಳಿಗೆ ಹೋಗ್ತದೆ. ನಾಲ್ಕು ದಿನದಿಂದ ಅಪ್ಪನಿಗೆ ಸರಿಯಾಗಿ ಮಲವಿಸರ್ಜನೆ ಆಗಿರಲಿಲ್ಲ. ಅದೇ ಕಿಡಿ. ಲ್ಯಾಕ್ಟುಲೋಸ್ ಸಿರಪ್ ಕೊಟ್ಟು ಎರಡು ದಿನದಲ್ಲಿ ಅಪ್ಪನನ್ನು ನಮಗೆ ವಾಪಸ್ ಕೊಟ್ರು.

ಡಿಸ್ಚಾರ್ಜ್ ಶೀಟ್‌ನ ಕೊನೆಯಲ್ಲಿ ಒಂದು ಸಾಲು: ಉಪ್ಪು ಕಡಿಮೆ, ಪ್ರೋಟೀನ್ ಕಡಿಮೆ. "ನಾವು ಮಾಡ್ತಿದ್ದದ್ದು ಸರಿಯೇ ಆಯ್ತಲ್ಲ, ಇನ್ನೂ ಬಿಗಿ ಮಾಡಬೇಕು" ಅಂತ ಅಮ್ಮ ವಾರಕ್ಕೊಮ್ಮೆ ಕೊಡ್ತಿದ್ದ ತೊವ್ವೆಯನ್ನೂ ನಿಲ್ಲಿಸಿದ್ರು.

ಕುರ್ಚಿಯಿಂದ ಏಳುವ ಪರೀಕ್ಷೆ

ಮುಂದಿನ ತಿಂಗಳು ಮಂಗಳೂರಿನ ಇನ್ನೊಂದು ಕಡೆ ಹೊಟ್ಟೆ-ಲಿವರ್ ತಜ್ಞರನ್ನು ಕಂಡಾಗ ಅವರು, "ಡಯೆಟಿಷಿಯನ್ ಹತ್ರ ಯಾವಾಗ ಹೋಗಿದ್ರಿ?" ಅಂದ್ರು. ಹೋಗಿರಲೇ ಇಲ್ಲ. ಅಲ್ಲೇ ಕೆಳಗಿನ ಮಹಡಿಗೆ ಕಳಿಸಿದ್ರು.

ಮೇಡಂ ನನ್ನ ಎಕ್ಸೆಲ್ ಶೀಟ್ ನೋಡಲಿಲ್ಲ. ಅಪ್ಪನನ್ನು ನೋಡಿದ್ರು. ಕೆನ್ನೆಯ ಮೇಲಿನ ಗುಳಿ, ತೋಳು, ತೊಡೆ. ತೋಳಿಗೆ ಟೇಪ್ ಹಿಡಿದ್ರು. "ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂತ್ಕೊಳ್ಳಿ" ಅಂದ್ರು. ಅಡಿಕೆ ಮರ ಹತ್ತುತ್ತಿದ್ದ ಅಪ್ಪ ಎರಡನೇ ಸಲಕ್ಕೇ ಸುಸ್ತಾದ್ರು.

"ತೂಕ ಇಳಿದಿಲ್ಲ ಮೇಡಂ" ಅಂತ ನಾನು ಹೇಳಿದೆ.

"ನೀರು ಏರಿದೆ, ಮಾಂಸಖಂಡ ಇಳಿದಿದೆ. ತಕ್ಕಡಿಗೆ ವ್ಯತ್ಯಾಸ ಗೊತ್ತಾಗುದಿಲ್ಲ" ಅಂದ್ರು.

ಆ ಸಮತಟ್ಟು ಗ್ರಾಫ್‌ನ ಅರ್ಥ ನನಗೆ ಆಗ ಆಯ್ತು. ನಾಲ್ಕು ತಿಂಗಳು ನಾವು ಪ್ರೀತಿಯಿಂದ, ಶಿಸ್ತಿನಿಂದ ಅಪ್ಪನನ್ನು ಉಪವಾಸ ಹಾಕಿದ್ದೆವು.

ಆಮೇಲೆ ಅವರು ಕೇಳಿದ್ದು ಏನು ತಿಂತೀರಿ ಅಂತಲ್ಲ, ಎಷ್ಟು ಗಂಟೆಗೆ ಅಂತ. ರಾತ್ರಿ ಗಂಜಿ 7.30ಕ್ಕೆ. ಬೆಳಿಗ್ಗೆ ಕಷಾಯ. ತಿಂಡಿ 8.30ಕ್ಕೆ. ಹದಿಮೂರು ಗಂಟೆ ಖಾಲಿ.

ಆರೋಗ್ಯವಂತ ಲಿವರ್ ಸಕ್ಕರೆಯನ್ನು ಗ್ಲೈಕೋಜನ್ ಆಗಿ ಕೂಡಿಟ್ಟು ರಾತ್ರಿಯಿಡೀ ಸ್ವಲ್ಪಸ್ವಲ್ಪ ಬಿಡ್ತದೆ. ಸಿರೋಸಿಸ್ ಲಿವರ್‌ನ ಉಗ್ರಾಣ ಚಿಕ್ಕದು. ಅದು ಖಾಲಿಯಾದರೆ ದೇಹ ಸ್ವಂತ ಮಾಂಸಖಂಡವನ್ನು ಕರಗಿಸಿ ಶಕ್ತಿ ಮಾಡಿಕೊಳ್ತದೆ. ಇಂಥವರಿಗೆ ಒಂದು ರಾತ್ರಿಯ ಉಪವಾಸ ಅಂದ್ರೆ ನಮಗೆ ಎರಡು ಮೂರು ದಿನ ಊಟ ಬಿಟ್ಟ ಹಾಗೆ. ಇನ್ನೊಂದು ಸಂಗತಿ: ಲಿವರ್ ಸೋತಾಗ ಅಮೋನಿಯಾವನ್ನು ಸ್ವಲ್ಪ ಮಟ್ಟಿಗೆ ತೆಗೆಯುವುದು ಇದೇ ಮಾಂಸಖಂಡ. ಅದನ್ನೇ ಕರಗಿಸಿದರೆ ಬಚ್ಚಲುಮನೆ ದಾರಿ ಮತ್ತೆ ಮರೆಯುವ ಸಾಧ್ಯತೆ ಜಾಸ್ತಿ.

ಹಾಗಾದರೆ "ಪ್ರೋಟೀನ್ ಕಡಿಮೆ" ಅಂತ ಬರೆದದ್ದು?

ಅದು ಹಳೆಯ ಕಾಲದ ಸಲಹೆ. ಪ್ರೋಟೀನ್‌ನಿಂದ ಅಮೋನಿಯಾ ಬರ್ತದೆ, ಹಾಗಾಗಿ ಪ್ರೋಟೀನ್ ನಿಲ್ಲಿಸಿ ಅನ್ನುವ ಲೆಕ್ಕ ಕಾಗದದ ಮೇಲೆ ಸರಿ ಕಾಣ್ತದೆ. 2004ರಲ್ಲಿ ಬಾರ್ಸಿಲೋನಾದ ವೈದ್ಯರು ಅಪ್ಪನ ಹಾಗೆ ಗೊಂದಲಕ್ಕೆ ಬಿದ್ದ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪ್ರೋಟೀನ್ ಕಡಿತ ಮಾಡಿ, ಇನ್ನೊಂದಕ್ಕೆ ಮಾಮೂಲು ಕೊಟ್ಟು ನೋಡಿದ್ರು. ಕಡಿತದಿಂದ ಲಾಭ ಆಗಲಿಲ್ಲ, ದೇಹದ ಪ್ರೋಟೀನ್ ಒಡೆಯುವುದು ಮಾತ್ರ ಜಾಸ್ತಿ ಆಯ್ತು. 2019ರ ಯುರೋಪಿನ ಮಾರ್ಗಸೂಚಿ, 2021ರ ನಮ್ಮ ದೇಶದ ಲಿವರ್ ತಜ್ಞರ ಸಂಘದ ಮಾರ್ಗಸೂಚಿ ಎರಡೂ ಸಿರೋಸಿಸ್ ಇರುವವರಿಗೆ ದಿನಕ್ಕೆ ಒಂದು ಕಿಲೋ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಹೇಳ್ತವೆ. ಸಾಮಾನ್ಯ ಮೈಕಟ್ಟಿನವರಿಗೆ ಕಿಲೋಗೆ ಸುಮಾರು 35 ಕ್ಯಾಲರಿ. ತೂಕ ಅಂದರೆ ನೀರು ಕಳೆದ ತೂಕ. ಅಪ್ಪನದ್ದು ಅಂದಾಜು 58 ಕಿಲೋ. ಅಂದರೆ 70ರಿಂದ 87 ಗ್ರಾಂ ಪ್ರೋಟೀನ್. ನಮ್ಮ ಪಥ್ಯದಲ್ಲಿ 25 ಗ್ರಾಂ ಸಹ ಇರಲಿಲ್ಲ.

ಮೇಡಂ ಯಾವ ಹೊಸ ಪದಾರ್ಥವನ್ನೂ ಹೇಳಲಿಲ್ಲ. ಕಿನೋವಾ ಇಲ್ಲ, ದುಬಾರಿ ಪೌಡರ್ ಇಲ್ಲ. ನಮ್ಮ ಅಡುಗೆಮನೆಯಲ್ಲಿದ್ದದ್ದನ್ನೇ ಗಂಟೆ ಪ್ರಕಾರ ಜೋಡಿಸಿದ್ರು.

ಬೆಳಿಗ್ಗೆ 6.30: ಒಂದು ಲೋಟ ಹಾಲು, ಸಕ್ಕರೆ ಇಲ್ಲದೆ.
8.30: ನೀರುದೋಸೆ, ಜೊತೆಗೆ ಬರೀ ಚಟ್ನಿ ಅಲ್ಲ, ಕಡಲೆ ಅಥವಾ ಹೆಸರುಕಾಳು ಗಸಿ. ಒಂದು ಬೇಯಿಸಿದ ಮೊಟ್ಟೆ.
11.00: ಒಂದು ಲೋಟ ಮಜ್ಜಿಗೆ, ಉಪ್ಪು ಹಾಕದೆ.
1.00: ಕುಚ್ಚಲಕ್ಕಿ ಅನ್ನ, ತೊವ್ವೆ, ಬಸಳೆ ಅಥವಾ ಬೇರೆ ತರಕಾರಿ, ಬಂಗುಡೆ ಸಾರು, ಮೊಸರು. ಮೀನು ತಿನ್ನದವರಿಗೆ ಅದರ ಬದಲು ಪನೀರ್ ಅಥವಾ ಇನ್ನೊಂದು ಬಟ್ಟಲು ಕಾಳು.
4.30: ಕಾಳಿನ ಉಸ್ಲಿ.
8.00: ಗಂಜಿ, ಹುರುಳಿ ಸಾರು, ಪಲ್ಯ.
10.00: ಹಾಲು ಹಾಕಿದ ರಾಗಿ ಗಂಜಿ.

ಕೂಡಿಸಿ ನೋಡಿದರೆ 80 ಗ್ರಾಂ ಆಸುಪಾಸು ಬರ್ತದೆ. ಹತ್ತು ಗಂಟೆಯ ಆ ಕೊನೆಯ ಬಟ್ಟಲೇ ಎಲ್ಲಕ್ಕಿಂತ ಮುಖ್ಯ ಅಂತ ಅಡಿಗೆರೆ ಹಾಕಿ ಕೊಟ್ರು. ಶನಿವಾರದ ಒಪ್ಪೊತ್ತು, ಏಕಾದಶಿ ಎರಡೂ ಬಂದ್. "ದೇವರಿಗೆ ನಾನು ಹೇಳ್ತೇನೆ, ನೀವು ತಿನ್ನಿ" ಅಂದಾಗ ಅಪ್ಪ ತಿಂಗಳುಗಳ ನಂತರ ನಕ್ಕರು. ರಂಜಾನ್ ಉಪವಾಸ ಮಾಡುವವರೂ ಮೊದಲು ತಮ್ಮ ಡಾಕ್ಟ್ರನ್ನು ಕೇಳಬೇಕು ಅಂದ್ರು.

ಗಮನಿಸಿ, ಇದು ಅಪ್ಪನ ಪಟ್ಟಿ, ನಿಮ್ಮದಲ್ಲ. ಕಿಡ್ನಿ ತೊಂದರೆ ಇದ್ದರೆ, ದಪ್ಪ ಮೈ ಇದ್ದರೆ, ಲೆಕ್ಕ ಬದಲಾಗ್ತದೆ.

ವಿಲನ್ ಗಂಜಿ ಅಲ್ಲ, ಪಕ್ಕದಲ್ಲಿ ಕೂತದ್ದು

ಹೊಟ್ಟೆಯಲ್ಲಿ ನೀರು ಇರುವವರಿಗೆ ದಿನಕ್ಕೆ ಸುಮಾರು 5 ಗ್ರಾಂ ಉಪ್ಪು, ಅಂದರೆ ಇಡೀ ದಿನದ ಎಲ್ಲ ಅಡುಗೆಗೂ ಸೇರಿ ಒಂದು ಸಣ್ಣ ಚಮಚ. ಅಮ್ಮ ಸಾರಿಗೆ ಉಪ್ಪು ಕಡಿಮೆ ಮಾಡಿದ್ದೇನೋ ನಿಜ. ಆದ್ರೆ ಸಪ್ಪೆ ಗಂಜಿ ಇಳಿಯಬೇಕಲ್ಲ? ಮಿಡಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸು, ಮಳೆಗಾಲದ ಉಪ್ಪುಸೊಳೆ ಪಲ್ಯ ಎಲ್ಲ ಪಕ್ಕದಲ್ಲೇ ಇದ್ದವು. ಮನೆಯಲ್ಲೇ ಮಾಡಿದ್ದು, ಹಾಗಾಗಿ ಅವು ನಮ್ಮ ಲೆಕ್ಕಕ್ಕೆ ಬಂದಿರಲೇ ಇಲ್ಲ. ಒಣಮೀನು, ಬೇಕರಿ ಮಿಕ್ಸ್ಚರ್ ಕೂಡ ಅದೇ ಜಾತಿ.

ಈಗ ಪುನರ್ಪುಳಿ, ಲಿಂಬೆ, ಕಾಳುಮೆಣಸು, ಶುಂಠಿ, ಬೆಳ್ಳುಳ್ಳಿ ಒಗ್ಗರಣೆ ರುಚಿಯ ಕೆಲಸ ಮಾಡ್ತವೆ. ಮೇಡಂ ಇನ್ನೊಂದು ಮಾತೂ ಹೇಳಿದ್ರು: ಉಪ್ಪು ತೀರಾ ಕಡಿಮೆಯಾಗಿ ಊಟವೇ ಸೇರದಿದ್ದರೆ ಅದು ಇನ್ನೂ ದೊಡ್ಡ ನಷ್ಟ. ಚಿಟಿಕೆ ಉಪ್ಪಿಗೆ ಜಗಳ ಮಾಡಿ ತಟ್ಟೆ ಖಾಲಿ ಬಿಡಬೇಡಿ.

ಎಳನೀರಿನ ವಿಷಯ ನಮಗೆ ಶಾಕ್. ಆರೋಗ್ಯಕ್ಕೆ ಒಳ್ಳೇದು ಅಂತ ದಿನಕ್ಕೆ ಎರಡು ಕೊಡ್ತಿದ್ದೆವು. ಅಪ್ಪ ತಗೊಳ್ಳುತ್ತಿದ್ದ ನೀರು ಇಳಿಸುವ ಮಾತ್ರೆ ಸ್ಪೈರೊನೊಲ್ಯಾಕ್ಟೋನ್. ಅದು ದೇಹದಲ್ಲಿ ಪೊಟ್ಯಾಸಿಯಂ ಉಳಿಸ್ತದೆ. ಎಳನೀರಿನಲ್ಲೂ ಪೊಟ್ಯಾಸಿಯಂ ಜಾಸ್ತಿ. ರಕ್ತದಲ್ಲಿ ಅದು ಮಿತಿ ಮೀರಿದರೆ ಹೃದಯದ ಬಡಿತವೇ ತಪ್ಪಬಹುದು. ಅಂಗಡಿಯಲ್ಲಿ ಸಿಗುವ ಲೋ ಸೋಡಿಯಂ ಉಪ್ಪು ಕೂಡ ಇದೇ ಕಾರಣಕ್ಕೆ ಇಂಥವರಿಗೆ ಅಪಾಯ. ಅದರಲ್ಲಿ ಸೋಡಿಯಂ ಬದಲು ಇರುವುದು ಪೊಟ್ಯಾಸಿಯಂ. ನಮ್ಮ ಕರಾವಳಿಗೆ ಬೇಕಾದ ಇನ್ನೆರಡು ಮಾತು: ಮರುವಾಯಿಯನ್ನು ಚೆನ್ನಾಗಿ ಬೇಯಿಸದೆ ತಿನ್ನಲೇಬಾರದು. ಮಳೆಗಾಲದಲ್ಲಿ ಬೂಸ್ಟು ಹಿಡಿದ ನೆಲಗಡಲೆ, ಕೊಬ್ಬರಿಯನ್ನು ಒರೆಸಿ ಬಳಸದೆ ಎಸೆಯಬೇಕು. ಆ ಶಿಲೀಂಧ್ರದ ಅಫ್ಲಟಾಕ್ಸಿನ್ ಲಿವರ್ ಕ್ಯಾನ್ಸರ್‌ಗೆ ಕಾರಣವಾಗುವ ವಿಷ.

ಮಾವನ ನೆಲನೆಲ್ಲಿ

ಮಾವನಿಗೆ ಬೇಜಾರು ಮಾಡುವುದು ನನಗೆ ಇಷ್ಟ ಇಲ್ಲ. ಅವರ ಅನುಭವ ಸುಳ್ಳಲ್ಲ. ಊರಲ್ಲಿ ಕಾಮಾಲೆ ಬಂದವರು ನೆಲನೆಲ್ಲಿ ಕುಡಿದು ಗುಣವಾದದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಆದರೆ ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರದಲ್ಲಿ ತಾನಾಗಿಯೇ ಇಳಿಯುತ್ತದೆ. ಕಷಾಯ ಕುಡಿದರೂ, ಕುಡಿಯದಿದ್ದರೂ. ಸಿರೋಸಿಸ್ ಹಾಗಲ್ಲ. 1988ರಲ್ಲಿ ಮದ್ರಾಸಿನ ಸಂಶೋಧಕರು ನೆಲನೆಲ್ಲಿಯಿಂದ ಹೆಪಟೈಟಿಸ್ ಬಿ ವೈರಸ್ ಹೋಗ್ತದೆ ಅನ್ನುವ ಭರವಸೆಯ ವರದಿಯನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ನಂತರದ ಅಧ್ಯಯನಗಳಲ್ಲಿ ಆ ಫಲಿತಾಂಶ ಗಟ್ಟಿಯಾಗಿ ನಿಲ್ಲಲಿಲ್ಲ. ಕೋವಿಡ್ ಸಮಯದಲ್ಲಿ ಅಮೃತಬಳ್ಳಿ ಕಷಾಯ ಕುಡಿದ ಕೆಲವರಲ್ಲಿ ಲಿವರ್ ಹಾನಿಯಾದ ವರದಿಗಳನ್ನು ನಮ್ಮ ದೇಶದ ವೈದ್ಯರೇ ಪ್ರಕಟಿಸಿದ್ರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಬೇರೆ ಜಾತಿಯ ಬಳ್ಳಿ ಇರಬಹುದು ಅಂದಿತು. ಆ ವಾದ ಅವರದ್ದು. ನಾವು ಮಾಡಿದ್ದು ಇಷ್ಟೇ: ಮಾವನನ್ನೇ ಒಮ್ಮೆ ಡಾಕ್ಟ್ರ ಹತ್ರ ಕರೆದುಕೊಂಡು ಹೋದೆವು. ಡಾಕ್ಟ್ರು ಗದರಲಿಲ್ಲ. "ಸೋತ ಲಿವರ್ ಮೇಲೆ ಯಾವ ಹೊಸ ಭಾರವೂ ಬೇಡ, ನೋವಿನ ಮಾತ್ರೆಯೂ ನನ್ನನ್ನು ಕೇಳದೆ ಬೇಡ" ಅಂದ್ರು. ಮಾವ ಬಸ್ಸಿನಲ್ಲಿ, "ಮೊದಲೇ ಹೇಳಬಹುದಿತ್ತಲ್ಲ ಮಾರಾಯಾ" ಅಂದ್ರು.

ಎರಡನೇ ತಟ್ಟೆ ನನ್ನದು

ಅಪ್ಪನ ಗಡಿಬಿಡಿಯಲ್ಲಿ ನನ್ನ ಕಂಪನಿಯ ವಾರ್ಷಿಕ ಚೆಕಪ್ ರಿಪೋರ್ಟ್ ಓದದೆ ಬಿಟ್ಟಿದ್ದೆ. ತೂಕ 84 ಕಿಲೋ. ಗ್ರೇಡ್ 1 ಫ್ಯಾಟಿ ಲಿವರ್. ಅಪ್ಪನ ಕಥೆಯ ಮೊದಲ ಪುಟ.

"ಹಾಗಾದ್ರೆ ನಾನೂ ರಾತ್ರಿ ಹತ್ತಕ್ಕೆ ರಾಗಿ ಗಂಜಿ ಕುಡೀಬೇಕಾ?" ಅಂತ ಮೇಡಂಗೆ ಕೇಳಿದೆ. "ನಿಮಗೆ ಉಲ್ಟಾ" ಅಂದ್ರು. ಅಪ್ಪ ಕಳೆದುಕೊಂಡದ್ದನ್ನು ಗಳಿಸಬೇಕು, ನಾನು ಗಳಿಸಿದ್ದನ್ನು ಕಳೆದುಕೊಳ್ಳಬೇಕು. ತೂಕದ ನೂರಕ್ಕೆ 5ರಷ್ಟು ಇಳಿದರೆ ಲಿವರ್‌ನ ಕೊಬ್ಬು ಕಡಿಮೆಯಾಗ್ತದೆ. 7ರಿಂದ 10ರಷ್ಟು ಇಳಿದರೆ ಉರಿಯೂತ, ಕಲೆ ಕೂಡ ಹಿಂದೆ ಸರಿಯಬಹುದು. ನನಗೆ ಅದು ಆರರಿಂದ ಎಂಟು ಕಿಲೋ. ಸಿಹಿ ಪಾನೀಯ, ಬೇಕರಿ ಪಫ್ಸ್, ರಾತ್ರಿ ಹನ್ನೊಂದರ ಬಿರಿಯಾನಿ ಆರ್ಡರ್ ಬಂದ್. ಗಡ್‌ಬಡ್ ಐಸ್‌ಕ್ರೀಂ ಊರಿಗೆ ಬಂದಾಗ ಒಂದು, ಅದೂ ಅಕ್ಕನ ಜೊತೆ ಹಂಚಿಕೊಂಡು. ದಿನಕ್ಕೆ ಮುಕ್ಕಾಲು ಗಂಟೆ ವೇಗದ ನಡಿಗೆ. ಸಕ್ಕರೆ ಇಲ್ಲದ ಕಾಫಿಗೆ ಮಾತ್ರ ತೊಂದರೆ ಇಲ್ಲ, ಲಿವರ್‌ಗೆ ಅದು ಒಳ್ಳೆಯದೇ ಅಂತ ಅಧ್ಯಯನಗಳು ಹೇಳ್ತವೆ. ಇಷ್ಟರಲ್ಲಿ ಐದು ಕಿಲೋ ಇಳಿದಿದೆ.

ಹಾಗಾಗಿ "ಲಿವರ್ ಡಯೆಟ್ ಕಳಿಸು" ಅಂತ ಫ್ರೆಂಡ್ಸ್ ಕೇಳಿದ್ರೆ ನಾನು ಕಳಿಸುವುದಿಲ್ಲ. ಯಾವ ಲಿವರ್, ಯಾವ ಹಂತ ಅಂತ ಕೇಳ್ತೇನೆ.

ಹೋಗುವ ಮೊದಲು, ಹೋದ ಮೇಲೆ

ಬಿ.ಸಿ. ರೋಡಿನಿಂದ ಮಂಗಳೂರಿಗೆ ಸುಮಾರು 25 ಕಿಲೋಮೀಟರ್, ಬೆಳ್ತಂಗಡಿಯಿಂದ ಸುಮಾರು 60. ಅಷ್ಟು ದೂರ ಹೋಗಿ ಹತ್ತು ನಿಮಿಷ ಸಿಗುವುದಾದರೆ ಆ ಹತ್ತು ನಿಮಿಷ ಹಾಳಾಗಬಾರದು. ನಾವು ಈಗ ತೆಗೆದುಕೊಂಡು ಹೋಗುವುದು:

- ಮೂರು ದಿನದ ಊಟದ ಫೋಟೋ, ಗಂಟೆ ಸಮೇತ. ಪಕ್ಕದ ಉಪ್ಪಿನಕಾಯಿಯೂ ಫೋಟೋದಲ್ಲಿ ಬರಲಿ.
- ಬೆಳಗಿನ ತೂಕದ ಪಟ್ಟಿ. ಎರಡು ಮೂರು ದಿನದಲ್ಲಿ ದಿಢೀರ್ ಏರಿದರೆ ಅದು ನೀರು, ಕಾಯದೆ ಫೋನ್ ಮಾಡಬೇಕು.
- ಎಲ್ಲ ಮಾತ್ರೆ, ಕಷಾಯ, ಪೌಡರ್‌ಗಳ ಹೆಸರು. ಮುಚ್ಚಿಡಬೇಡಿ.
- ಇತ್ತೀಚಿನ ರಕ್ತ ಪರೀಕ್ಷೆ: ಅಲ್ಬುಮಿನ್, ಬಿಲಿರುಬಿನ್, ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್.

ಕೇಳಬೇಕಾದ ಪ್ರಶ್ನೆಗಳು: ಯಾವ ಹಂತ? ಪ್ರೋಟೀನ್ ಎಷ್ಟು ಗ್ರಾಂ? ಉಪ್ಪು ಎಷ್ಟು ಚಮಚ? ಊಟಗಳ ನಡುವೆ ಎಷ್ಟು ಗಂಟೆ ಮೀರಬಾರದು? ಈ ಮಾತ್ರೆಯ ಜೊತೆ ಏನು ತಿನ್ನಬಾರದು? ತೂಕ ಏರಬೇಕಾ, ಇಳಿಯಬೇಕಾ? "ಕಡಿಮೆ", "ಜಾಸ್ತಿ" ಅಂತ ಉತ್ತರ ಬಂದರೆ ಸಂಖ್ಯೆ ಕೇಳಿ. ಪಥ್ಯ ಅನ್ನುವ ಒಂದೇ ಪದ ಹಿಡಿದುಕೊಂಡು ಮನೆಗೆ ಬರಬೇಡಿ. ಬೋರ್ಡ್ ಹಾಕಿದವರೆಲ್ಲ ಡಯೆಟಿಷಿಯನ್ ಅಲ್ಲ, ಓದಿದ್ದು ಏನು, ಲಿವರ್ ರೋಗಿಗಳನ್ನು ನೋಡ್ತಾರಾ ಅಂತ ವಿಚಾರಿಸಿ. ನಿಮ್ಮ ಲಿವರ್ ಡಾಕ್ಟ್ರೇ ಕಳಿಸಿದರೆ ಇನ್ನೂ ಒಳ್ಳೇದು. ಮತ್ತೆ ಗೊಂದಲ, ವಿಪರೀತ ನಿದ್ದೆ, ಕಪ್ಪು ಮಲ, ರಕ್ತವಾಂತಿ, ಜ್ವರದ ಜೊತೆ ಹೊಟ್ಟೆನೋವು ಕಂಡರೆ ಅದು ಊಟದ ವಿಷಯ ಅಲ್ಲ, ಸೀದಾ ಆಸ್ಪತ್ರೆಗೆ.

ಅಪ್ಪನ ಸಿರೋಸಿಸ್ ಹೋಗಿಲ್ಲ. ಹೋಗುವುದೂ ಇಲ್ಲ. ಮಾತ್ರೆ, ಸಿರಪ್, ಆಗಾಗ ಸ್ಕ್ಯಾನಿಂಗ್ ಇದ್ದೇ ಇದೆ. ಆದ್ರೆ ನಾಲ್ಕು ತಿಂಗಳಲ್ಲಿ ತೋಳಿನ ಸುತ್ತಳತೆ ಒಂದೂವರೆ ಸೆಂಟಿಮೀಟರ್ ಏರಿದೆ. ಎಕ್ಸೆಲ್‌ನಲ್ಲಿ ಈಗ ಆ ಗ್ರಾಫ್ ಮಾತ್ರ ಉಂಟು. ಕಳೆದ ವಾರ ಕೈ ಊರದೆ ಐದು ಸಲ ಎದ್ದು ಕೂತ್ರು, ಆರನೆಯದ್ದನ್ನು ನಮಗೆ ತೋರಿಸ್ಲಿಕ್ಕೆ ಅಂತಲೇ ಮಾಡಿದ್ರು. ಅಕ್ಕನ ನಾದಿನಿಯ ಮದುವೆಗೆ ಮೂಡುಬಿದಿರೆಗೂ ಹೋಗಿ ಬಂದ್ರು. ಅಲ್ಲೂ ಯಾರೋ "ಕುಡೀತಿದ್ರಾ?" ಅಂತ ಕೇಳಿದ್ರಂತೆ. ಅಪ್ಪ, "ಹೌದು, ದಿನಾ ರಾತ್ರಿ ಹತ್ತಕ್ಕೆ, ರಾಗಿ ಗಂಜಿ" ಅಂದ್ರಂತೆ.

ನಾನು ಬೆಂಗಳೂರಿನಲ್ಲಿದ್ದರೂ ಮೊಬೈಲಿನಲ್ಲಿ ರಾತ್ರಿ ಹತ್ತಕ್ಕೆ ಅಲಾರಂ ಇದೆ. ಹೊಡೆದ ಕೂಡಲೇ ಮನೆಗೆ ಫೋನ್ ಮಾಡ್ತೇನೆ. ಅಮ್ಮ ಫೋನ್ ಎತ್ತಿ ಹಲೋ ಅನ್ನುವುದಿಲ್ಲ, "ಕುಡಿದ್ರು" ಅಂತಾರೆ. ಆಮೇಲೆ ನನಗೆ ಕೇಳ್ತಾರೆ, "ನೀನು ಏನೂ ಆರ್ಡರ್ ಮಾಡ್ಲಿಲ್ಲ ಅಲ್ವಾ?"